ಹಾಡು ಬೇರೆ, ಹಾಡಜ್ಜ ಬೇರೆ

ಆಸ್ಪತ್ರೆಯ ಹಿಂಭಾಗದಲ್ಲಿ, ಹೆಣದ ಕೋಣೆ ದಾಟಿದ ಮೇಲೆ, ಬಟ್ಟೆ ಒಗೆಯುವ ಶೆಡ್ಡು. ಅದು ಇದೆಯೆಂಬುದೇ ರೋಗಿಗಳಿಗೆ ಗೊತ್ತಿಲ್ಲ. ಡಾಕ್ಟರುಗಳಿಗೆ ಗೊತ್ತು, ಆದರೆ ಯಾರೂ ಆ ಕಡೆ ತಲೆ ಹಾಕಿದವರಲ್ಲ. ಕಂಚಿ ಅಲ್ಲಿ ಸೇರಿದಾಗ ಅವಳ ತಲೆಗೂದಲು ಕಪ್ಪಗಿತ್ತು. ಈಗ ಅರ್ಧ ನರೆತಿದೆ.

ಬೆಳಿಗ್ಗೆ ವಾರ್ಡುಗಳಿಂದ ಗಂಟುಗಳು ಬರುತ್ತವೆ. ಬಿಚ್ಚಿದರೆ ಒಳಗೆ ಏನು ಬೇಕಾದರೂ ಇರುತ್ತದೆ. ರಕ್ತ, ಕೀವು, ಮಲ. ಒಮ್ಮೊಮ್ಮೆ ಸೂಜಿ. ಅದು ಕಣ್ಣಿಗೆ ಕಾಣುವ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಮೊದಲು ತಣ್ಣೀರಲ್ಲಿ ತುಳಿಯಬೇಕು. ಆಮೇಲೆ ಕಾಸ್ಟಿಕ್ ಸೋಡಾ ಹಾಕಿದ ಬಿಸಿನೀರಿನ ತೊಟ್ಟಿ. ಬರಿಗೈಯಲ್ಲಿ ತಿರುವಬೇಕು, ಉಜ್ಜಬೇಕು, ಎತ್ತಬೇಕು. ನೀರು ಕುಡಿದ ಹೊದಿಕೆ ಸತ್ತ ಮನುಷ್ಯನಷ್ಟು ಭಾರ. ಬೆರಳ ಸಂದಿ ಒಡೆದು ಹೋಗುತ್ತದೆ. ಉಗುರು ಮೆತ್ತಗಾಗಿ ಮೇಲೇಳುತ್ತದೆ. ಮನೆಗೆ ಹೋಗಿ ಊಟಕ್ಕೆ ಕುಳಿತರೆ ಉಪ್ಪು ತಾಗಿ ಕೈ ಉರಿಯುತ್ತದೆ.

ವಾಸನೆ ಬೇರೆ. ಎಷ್ಟು ಸ್ನಾನ ಮಾಡಿದರೂ ಹೋಗುವುದಿಲ್ಲ. ಬಸ್ಸಿನಲ್ಲಿ ಕಂಚಿಯ ಪಕ್ಕದ ಸೀಟು ಯಾವಾಗಲೂ ಖಾಲಿ. ಕಾಲು ನೋಯುತ್ತಿರುವ ಮುದುಕರು ಕೂಡ ಕಂಬ ಹಿಡಿದು ನಿಂತೇ ಇರುತ್ತಾರೆ, ಕೂರುವುದಿಲ್ಲ.

ಕಂಚಿ ಅವಳ ಹೆಸರಲ್ಲ. ಕಂಚಿನ ಕಂಠದವಳು ಎಂದು ಯಾರೋ ಅಂದರು, ಅದು ಸವೆದು ಸವೆದು ಕಂಚಿ ಆಯಿತು. ಚಿಕ್ಕವರಿಗೆ ಕಂಚಕ್ಕ. ಆ ಕಂಠ ಹೊರಬಿದ್ದದ್ದು ಒಂದು ಹಾಡಿನಿಂದ.

ತುಂಬ ಹಿಂದೆ ಶೆಡ್ಡಿಗೆ ಸೂರಿರಲಿಲ್ಲ. ಸೂರು ಬೇಕೆಂದು ಹೆಂಗಸರು ಮೊದಲ ಸಲ ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕುಳಿತರು. ಕುಳಿತರೇ ಹೊರತು ಏನು ಕೂಗಬೇಕೆಂದು ಯಾರಿಗೂ ತಿಳಿಯದು. ನೆಲ ನೋಡುತ್ತಿದ್ದರು. ಆಗ ಕವಿಯೊಬ್ಬರು ಬಂದರು. ದೊಡ್ಡ ಹೆಸರು, ಬಿಳಿ ಗಡ್ಡ. ಎಲ್ಲರೂ ಅವರನ್ನು ಹಾಡಜ್ಜ ಎನ್ನುತ್ತಿದ್ದರು. ಹೆಂಗಸರ ನಡುವೆ ನೆಲದ ಮೇಲೆ ಕುಳಿತು, ಅವರಿಗಾಗಿಯೇ ಕಟ್ಟಿದ ಹಾಡು ಹೇಳಿಕೊಟ್ಟರು:

ಕೊಳೆ ನಮ್ಮದಲ್ಲ, ನಿಮ್ಮದು
ತೊಳೆದ ಕೈ ಮಾತ್ರ ನಮ್ಮದು
ತೊಳೆದ ಕೈಯ ಮುಟ್ಟಿ ನೋಡಿ
ಸುಟ್ಟೀತು, ಉರಿಯೂ ನಿಮ್ಮದು

ಕಂಚಿ ಅದನ್ನು ಎತ್ತಿಕೊಂಡು ಹಾಡಿದಾಗ ಗೇಟಿನ ಕಾವಲುಗಾರ ಕುರ್ಚಿ ಬಿಟ್ಟು ಎದ್ದ. ಮೇಲಿನ ಕಿಟಕಿಗಳು ತೆರೆದವು. ತಮ್ಮ ಮೇಲೂ ಒಬ್ಬರು ಹಾಡು ಬರೆಯಬಹುದು ಎಂಬುದು ಆ ಹೆಂಗಸರಿಗೆ ಅವತ್ತೇ ಗೊತ್ತಾಗಿದ್ದು. ಮಾರನೇ ದಿನ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾದಾಗ ಕಂಚಿ ತಲೆ ತಗ್ಗಿಸಲಿಲ್ಲ. ಮನಸ್ಸಿನಲ್ಲೇ ಮೊದಲ ಸಾಲು ಹೇಳಿಕೊಂಡಳು. ಹೇಳಿಕೊಂಡೇ ಇಷ್ಟು ವರ್ಷ ಬದುಕಿದಳು. ಇದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಆ ಹಾಡು ಸುಳ್ಳಾಗಿದ್ದರೆ ಮುಂದಿನ ಕಥೆಗೆ ನೋವೇ ಇರುತ್ತಿರಲಿಲ್ಲ.

ಕಂಚಿಗೆ ಗಂಡನಿಲ್ಲ, ಮಕ್ಕಳಿಲ್ಲ. ಅಕ್ಕ ತೀರಿಕೊಂಡ ಮೇಲೆ ಅಕ್ಕನ ಮಗಳನ್ನು ತಾನೇ ಸಾಕಿದ್ದಳು. ಒಂದೇ ಕೋಣೆಯ ಮನೆ. ಪುಟ್ಟಿ ಪುಟ್ಟಿ ಎಂದು ಕರೆದೂ ಕರೆದೂ ಹುಡುಗಿ ಇಪ್ಪತ್ತು ದಾಟಿದರೂ ಪುಟ್ಟಿಯೇ. ಅವಳನ್ನು ಶೆಡ್ಡಿಗೆ ಮಾತ್ರ ಕಳಿಸಬಾರದು ಎಂಬುದು ಕಂಚಿಯ ಹಟ.

ಹಾಡಜ್ಜನಿಗೆ ವಯಸ್ಸಾಯಿತು, ಹೆಂಡತಿ ಹೋದರು. ಮನೆ ನೋಡಿಕೊಳ್ಳಲು ನಂಬಿಕೆಯ ಹುಡುಗಿ ಬೇಕೆಂದು ಕೆಲಸಗಾರರ ಸಂಘದ ಕಾರ್ಯದರ್ಶಿ ಕೇಳಿದಾಗ ಪುಟ್ಟಿ ಹೊರಟಳು. ಶೆಡ್ಡಿನ ಹೆಂಗಸರಿಗೆಲ್ಲ ಹೊಟ್ಟೆಕಿಚ್ಚು. ಕಂಚಿಯ ಜೊತೆ ಹೊದಿಕೆಯ ಇನ್ನೊಂದು ತುದಿ ಹಿಡಿದು ಹಿಂಡುವ ಉದ್ದಕ್ಕ ಅಂದಳು, "ಅವರ ಮನೆ ನೆಲ ಒರೆಸೋಕೂ ಪುಣ್ಯ ಮಾಡಿರ್ಬೇಕು ಕಣೇ."

ಆ ಪುಣ್ಯ ಚಳಿಗಾಲದ ತನಕ ನಡೆಯಿತು.

ಒಂದು ಸಂಜೆ ಕಂಚಿ ಕೆಲಸ ಮುಗಿಸಿ ಬಂದರೆ ಪುಟ್ಟಿ ಮನೆಯಲ್ಲಿದ್ದಳು. ಬಚ್ಚಲ ಹೊಸ್ತಿಲ ಮೇಲೆ ಕುಳಿತಿದ್ದಳು. ತಲೆಯಿಂದ ನೀರು ಸೋರುತ್ತಿತ್ತು. ಬಟ್ಟೆ ಒಗೆಯುವ ಸೋಪಿನಲ್ಲೇ ಮೈ ಉಜ್ಜಿಕೊಂಡಿದ್ದಳು. ಕುತ್ತಿಗೆ ಕೆಂಪಗಾಗಿತ್ತು.

"ಏನೇ ಪುಟ್ಟಿ, ಬೇಗ ಕಳಿಸಿದ್ರಾ?"

"ಇನ್ನು ಹೋಗಲ್ಲ ಚಿಕ್ಕಮ್ಮ."

"ಯಾಕೆ, ಬೈದ್ರಾ?"

"ಇಲ್ಲ."

"ಏನಾದ್ರೂ ಒಡೆದು ಹಾಕಿದ್ಯಾ?"

ಪುಟ್ಟಿ ನಕ್ಕಳು. ಆ ನಗು ಕೇಳಿ ಕಂಚಿ ಅವಳ ಪಕ್ಕ ಕುಳಿತಳು. "ನಾನೇನೂ ಒಡೀಲಿಲ್ಲ" ಎಂದಳು ಪುಟ್ಟಿ.

ಮಾತು ಒಂದೊಂದಾಗಿ ಬಂತು. ಮೊದಲು ಬಂದದ್ದು ಲೋಟದ ಮಾತು.

"ಮೊದಲ ದಿನಾನೇ ಹಿತ್ತಲ ಕಟ್ಟೆ ಮೇಲೆ ಒಂದು ಲೋಟ ತೋರಿಸಿದ್ರು. ಇದು ನಿಂದು, ಒಳಗಿನ ಲೋಟ ಮುಟ್ಬೇಡ ಅಂದ್ರು. ಬರೋದು ಹೋಗೋದು ಹಿಂದಿನ ಬಾಗಿಲಿಂದ. ನಾನು ಕೂತ ಜಾಗಕ್ಕೆ ಫಿನಾಯಿಲ್ ಹಾಕಿ ನಾನೇ ಒರೆಸ್ಬೇಕು."

"ಹಾಡಜ್ಜನ ಮನೇಲಾ?"

"ಹೂಂ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ನೀನು ದಿನಾ ಬಂದ ತಕ್ಷಣ ಕೇಳ್ತಿದ್ದೆ, ಹಾಡಜ್ಜ ಹೊಸದೇನು ಬರೆದ್ರು ಅಂತ. ಅದರ ಮಧ್ಯ ಲೋಟದ ಕತೆ ಎಲ್ಲಿ ಹೇಳ್ಲಿ?"

ಕಂಚಿ ಅವಳ ತಲೆ ಒರೆಸತೊಡಗಿದಳು. ಕೈ ನಿಲ್ಲಿಸಿದರೆ ಮಾತು ನಿಂತೀತು ಎಂದು ಒರೆಸುತ್ತಲೇ ಇದ್ದಳು.

"ಆಮೇಲೆ ಒಂದಿನ ನನ್ನ ಕೈ ನೋಡ್ಬೇಕು ಅಂದ್ರು. ಕೆಲಸ ಮಾಡೋ ಕೈ ಹೇಗಿರತ್ತೆ ಅಂತ ಬರೀಬೇಕಂತೆ. ಬರೆದು ಇವತ್ತು ಓದಿ ಹೇಳಿದ್ರು. ಚೆನ್ನಾಗಿತ್ತು ಚಿಕ್ಕಮ್ಮ. ಅದೇ ಸಂಕಟ. ತುಂಬಾ ಚೆನ್ನಾಗಿತ್ತು. ನನ್ನ ಕೈ ಅಷ್ಟು ಚೆಂದ ಅಂತ ನಂಗೇ ಗೊತ್ತಿರ್ಲಿಲ್ಲ. ನನಗೆ ಅಳು ಬಂತು. ಅಳ್ತಾ ಇದ್ದಾಗ್ಲೇ ಎದ್ದು ಬಾಗಿಲು ಹಾಕಿದ್ರು."

ಒರೆಸುತ್ತಿದ್ದ ಕೈ ನಿಂತಿತು.

"ಕಿರುಚಿದೆ. ಬಾಯಿಗೆ ಕೈ ಅಡ್ಡ ಇಟ್ರು. ನಾನು ಕುಡಿದ ಲೋಟ ಮುಟ್ಟದ ಕೈ ಚಿಕ್ಕಮ್ಮ ಅದು."

"ಅವರು ಅನ್ಬೇಡ ಅವನನ್ನ."

"ಬಾಯಿಗೆ ಬರಲ್ಲ."

ಇಬ್ಬರೂ ದೀಪ ಹಚ್ಚಲಿಲ್ಲ. ಪೊಲೀಸರ ಹತ್ತಿರ ಹೋಗೋಣ ಎಂದಳು ಕಂಚಿ. ಪುಟ್ಟಿ ಬೇಡವೆಂದು ತಲೆಯಾಡಿಸಿದಳು. ಕೂರಿಸಿಕೊಂಡು ಮತ್ತೆ ಮತ್ತೆ ಹೇಳಿಸುತ್ತಾರೆ, ಪೊಲೀಸರೂ ಹಾಡಜ್ಜನ ಹಾಡು ಕೇಳಿದವರೇ, ನನ್ನನ್ನು ಯಾಕೆ ನಂಬುತ್ತಾರೆ ಎಂದಳು. ನನ್ನ ಹೆಸರು ಎಲ್ಲೂ ಬರಬಾರದು ಎಂದು ಆಣೆ ಹಾಕಿಸಿಕೊಂಡಳು.

"ಕಾರ್ಯದರ್ಶಿಗಾದ್ರೂ ಹೇಳ್ಲಾ?"

ಪುಟ್ಟಿ ಅಂದಳು, "ಅವರೊಬ್ಬರಿಗೆ."

ಕಾರ್ಯದರ್ಶಿ ಕೆಟ್ಟವನಲ್ಲ. ಮೊದಲು ಅದೇ ಶೆಡ್ಡಿನಲ್ಲಿ ಬಾಯ್ಲರಿಗೆ ಸೌದೆ ಒಟ್ಟುತ್ತಿದ್ದವನು. ಹಿಂದಿನ ಮುಷ್ಕರದಲ್ಲಿ ಲಾಠಿ ಏಟು ತಿಂದು ಒಂದು ಕಿವಿ ಕಳೆದುಕೊಂಡಿದ್ದ. ಸಂಘದ ಕೋಣೆಯಲ್ಲಿ ಅವತ್ತು ಬಟ್ಟೆಯ ಮೇಲೆ ಬರೆದ ಅಕ್ಷರಗಳು ಒಣಗುತ್ತಿದ್ದವು. ಹೊಸ ಮುಷ್ಕರಕ್ಕೆ ತಯಾರಿ. ಕೈಗವಸು ಬೇಕು, ರಬ್ಬರ್ ಬೂಟು ಬೇಕು, ಮನೆಗೆ ಹೋಗುವ ಮೊದಲು ಮೈ ತೊಳೆದುಕೊಳ್ಳಲು ಒಂದು ಬಚ್ಚಲು ಬೇಕು. ಇಷ್ಟೇ ಬೇಡಿಕೆ. ಒಂದು ಬಟ್ಟೆಯ ಮೇಲೆ ಕೆಂಪಗೆ ಬರೆದಿತ್ತು: ಕೊಳೆ ನಮ್ಮದಲ್ಲ, ನಿಮ್ಮದು.

ಕಂಚಿ ಒಳ್ಳೆಯ ಕಿವಿಯ ಕಡೆ ನಿಂತು ಹೇಳಿದಳು. ಅವನು ಕೈಯಲ್ಲಿದ್ದ ಕುಂಚ ಕೆಳಗಿಟ್ಟ. ಕುರ್ಚಿಯಲ್ಲಿ ಕುಸಿದು ಕುಳಿತ.

"ನಂಬಲ್ವಾ?"

"ನಂಬ್ತೀನಿ ಕಂಚಕ್ಕ. ಮುಂಚೆನೂ ಒಂದು ಮಾತು ಬಂದಿತ್ತು."

ಅವನಿಗೆ ಗೊತ್ತಿಲ್ಲದೆ ಬಾಯಿ ಜಾರಿತ್ತು.

"ಯಾವ ಮಾತು?"

"ಮಾತು ಅಷ್ಟೆ. ಬೇರೆ ಊರಲ್ಲಿ. ಸಾಕ್ಷಿ ಇರ್ಲಿಲ್ಲ. ದೊಡ್ಡವರ ಮೇಲೆ ನೂರು ಜನ ನೂರು ಹೇಳ್ತಾರೆ ಅಂದ್ಕೊಂಡೆ."

"ಗೊತ್ತಿದ್ದೂ ಹುಡುಗೀನ ಕಳಿಸು ಅಂದ್ರಾ?"

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹಾಗೇ ಮಾತಾಡಿದ. ಮುಷ್ಕರ ಮುಂದಿನ ವಾರ. ಊರಿನ ಅರ್ಧ ಜನ ನಮ್ಮ ಕಡೆ ಇರುವುದೇ ಆ ಹಾಡಿನಿಂದ. ಈಗ ಇದು ಹೊರಬಿದ್ದರೆ ಆಸ್ಪತ್ರೆಯವರಿಗೆ ಹಬ್ಬ. ಇವರ ಹಾಡೂ ಕೊಳಕು, ಇವರ ಬೇಡಿಕೆಯೂ ಕೊಳಕು ಅಂತಾರೆ. ಉದ್ದಕ್ಕನ ಕೈ ನೋಡಿದ್ದೀರಲ್ಲ, ಎಲುಬು ಕಾಣುತ್ತಿದೆ.

"ಹಾಡು ಬೇರೆ, ಹಾಡಜ್ಜ ಬೇರೆ ಕಂಚಕ್ಕ. ಬಾಯಿಂದ ಹೊರಗೆ ಬಂದ ಮೇಲೆ ಹಾಡು ಅವರದ್ದಲ್ಲ, ನಿಮ್ಮದು. ನದಿಮೂಲ ಋಷಿಮೂಲ ಕೇಳಬಾರದು ಅಂತ ಹಿರಿಯರು ಸುಮ್ನೆ ಹೇಳಿದ್ರಾ?"

"ನೀರು ಕುಡಿಯೋರು ಕೇಳೋದು ಬೇಡ" ಎಂದಳು ಕಂಚಿ. "ಮೂಲದಲ್ಲೇ ಮುಳುಗಿದವಳು?"

ಅವನು ಒಣಗುತ್ತಿದ್ದ ಬಟ್ಟೆಯ ಕಡೆ ನೋಡಿದ. ಆದರೆ ಅವನು ಹೇಳಿದ್ದು ಪೂರ್ತಿ ಸುಳ್ಳು ಎಂದು ಕಂಚಿಗೂ ಅನ್ನಿಸಲಿಲ್ಲ. ಅವಳಿಗೂ ಆ ಹಾಡು ಬೇಕಿತ್ತು. ಅದನ್ನು ಬಿಟ್ಟರೆ ಅವಳಿಗೆ ಬೇರೆ ಏನಿತ್ತು? ಬಿಸಿತುಪ್ಪ ಬಾಯಲ್ಲಿ ಇಟ್ಟುಕೊಂಡವಳಂತೆ ನಿಂತಳು. ಕೊನೆಗೆ ಅಂದಳು, "ಹಾಡ್ತೀನಿ. ಕೈಗವಸಿಗೋಸ್ಕರ ಹಾಡ್ತೀನಿ. ಆದ್ರೆ ಅವನು ಅಲ್ಲಿ ಬರಬಾರದು. ಅವನ ಹೆಸರು ಹೇಳಬಾರದು."

"ಬರಲ್ಲ. ನನ್ನ ಮಾತು."

ಮನೆಗೆ ಬಂದು ಪುಟ್ಟಿಗೆ ಹೇಳಿದಳು. ಪುಟ್ಟಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಆ ದಿನಗಳಲ್ಲಿ ಅವಳು ಮಲಗಿರುವುದೇ ಹೆಚ್ಚು.

"ಹಾಡು ಅವನದ್ದಲ್ಲ ಪುಟ್ಟಿ. ನಮ್ಮದು."

"ನೀನು ಹಾಡು ಚಿಕ್ಕಮ್ಮ. ನಾನು ಕಿವಿ ಮುಚ್ಕೋತೀನಿ."

ಮುಷ್ಕರದ ದಿನ ಆಸ್ಪತ್ರೆಯ ಮುಂದಿನ ರಸ್ತೆ ತುಂಬಿ ಹೋಯಿತು. ಕಸ ಗುಡಿಸುವವರು, ಅಡುಗೆಮನೆಯವರು, ಹೆಣ ಹೊರುವವರು, ಆಯಾಗಳು. ಕಾಲೇಜಿನ ಹುಡುಗ ಹುಡುಗಿಯರು. ಲಾರಿಯೊಂದರ ಹಿಂಬದಿಯ ಹಲಗೆ ಇಳಿಸಿ ವೇದಿಕೆ ಮಾಡಿದ್ದರು. ಕಂಚಿ ಲಾರಿಯ ಪಕ್ಕ ನಿಂತು ಬಿಸಿನೀರು ಕುಡಿದು ಗಂಟಲು ಸರಿ ಮಾಡಿಕೊಳ್ಳುತ್ತಿದ್ದಳು. ಆಗ ಜನ ಎರಡು ಪಾಲಾದರು. ನಡುವೆ ಒಂದು ಕಾರು ಬಂತು.

ಇಬ್ಬರು ಹುಡುಗರು ಹಾಡಜ್ಜನನ್ನು ತೋಳು ಹಿಡಿದು ಇಳಿಸಿದರು. ಮುದಿ ಮೈ, ಬಿಳಿ ಗಡ್ಡ, ಒದ್ದೆ ಕಣ್ಣು. ಹೆಂಗಸರು ಮುಗಿಬಿದ್ದು ಅವನ ಕೈ ಹಿಡಿದುಕೊಂಡರು. ಉದ್ದಕ್ಕ ತನ್ನ ಹುಣ್ಣಾದ ಕೈ ಅವನ ಮುಂದೆ ಚಾಚಿದಳು. ಅವನು ಆ ಕೈಯನ್ನು ಎಲ್ಲರೆದುರು ತನ್ನ ಕೆನ್ನೆಗೆ ಒತ್ತಿಕೊಂಡ. ಸುತ್ತ ನಿಂತವರು ಕಣ್ಣೊರೆಸಿಕೊಂಡರು. ಕಂಚಿಗೆ ಹಿತ್ತಲ ಕಟ್ಟೆಯ ಲೋಟ ನೆನಪಾಯಿತು.

ಅವಳು ಕಾರ್ಯದರ್ಶಿಯನ್ನು ಹುಡುಕಿದಳು. ಅವನು ಲಾರಿಯ ಮೇಲಿದ್ದ. ಅವಳತ್ತ ನೋಡಲಿಲ್ಲ. ಮೇಲೆ ಹತ್ತಿ ಅವನ ತೋಳು ಹಿಡಿದಳು.

"ಮಾತು ಕೊಟ್ಟಿದ್ರಿ."

"ನಾನು ಕರೀಲಿಲ್ಲ ಕಂಚಕ್ಕ, ತಾವಾಗೇ ಬಂದ್ರು. ಇಷ್ಟು ಜನರ ಮುಂದೆ ಹೋಗಿ ಅಂತ ಹೇಗೆ ಹೇಳ್ಲಿ? ಇದೊಂದು ಸಲ ನುಂಗ್ಕೊಳಿ. ಕೈ ಮುಗೀತೀನಿ."

ಹಾಡಜ್ಜ ಲಾರಿ ಹತ್ತಿ ನಡುವಿನ ಕುರ್ಚಿಯಲ್ಲಿ ಕುಳಿತಾಗಿತ್ತು. ಯಾರೋ ಮೈಕಿನಲ್ಲಿ ಕಂಚಿಯ ಹೆಸರು ಕೂಗಿದರು. ಜನ ತಾಳ ಹಾಕತೊಡಗಿದರು. ಅವಳು ಬಾಯಿ ತೆರೆದರೆ ಸಾಕು, ಉಳಿದದ್ದು ಅವರು ಎತ್ತಿಕೊಳ್ಳುತ್ತಾರೆ. ಎಷ್ಟೋ ಸಲ ಹಾಗೆ ಆಗಿತ್ತು. ಮೊದಲ ಸಾಲು ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಮೈಯೆಲ್ಲ ಅದನ್ನು ಹಾಡಬೇಕು ಎನ್ನುತ್ತಿತ್ತು. ಪಕ್ಕದಲ್ಲಿ ಆ ಮುದುಕ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕಾಯುತ್ತಿದ್ದ. ಕಂಚಿ ಆ ಬೆರಳುಗಳನ್ನು ನೋಡಿದಳು. ಬಾಯಿ ಮುಚ್ಚಿಕೊಂಡಳು.

ತಾಳ ಎಡವಿತು. ನಿಂತಿತು.

"ನಾನು ಹಾಡಲ್ಲ" ಎಂದಳು.

ಮೈಕು ಆ ಮಾತನ್ನು ರಸ್ತೆಯ ಕೊನೆಯವರೆಗೆ ಒಯ್ದಿತು. ಕಾರ್ಯದರ್ಶಿ ಹತ್ತಿರ ಬಂದು, "ಏನಕ್ಕಾ ಇದು, ಹಾಡು ಬೇರೆ..." ಎಂದು ಪಿಸುಗುಟ್ಟಿದ. ಕಂಚಿ ಪಿಸುಗುಟ್ಟಲಿಲ್ಲ.

"ಹಾಡು ಬೇರೆ, ಮನುಷ್ಯ ಬೇರೆ ಅಂದ್ರಲ್ಲ? ಸರಿ. ಬೇರೆ ಮಾಡಿ. ಇವರನ್ನ ಲಾರಿಯಿಂದ ಕೆಳಗಿಳಿಸಿ. ಮನೆಗೆ ಕಳಿಸಿ. ಹಾಡು ಇಲ್ಲೇ ಇರ್ಲಿ. ನಾನು ಗಂಟಲು ಹರಿಯೋ ತನಕ ಹಾಡ್ತೀನಿ. ಇವರು ಇಳಿದ್ರೆ ಹಾಡ್ತೀನಿ."

ಯಾಕೆ ಎಂದು ಮುಂದಿನ ಸಾಲಿನಿಂದ ಒಬ್ಬಳು ಕೂಗಿದಳು. ಯಾಕೆ, ಏನು ಮಾಡಿದ್ದಾರೆ ಅವರು? ಹೇಳು.

ಪುಟ್ಟಿಗೆ ಆಣೆ ಕೊಟ್ಟಾಗಿತ್ತು. "ಯಾಕೆ ಅಂತ ಅವರನ್ನೇ ಕೇಳಿ" ಎಂದಳು.

ಹಾಡಜ್ಜ ಕಣ್ಣು ತೆರೆದ. ನಿಧಾನವಾಗಿ ಎದ್ದ. ಹುಡುಗರು ಅವನ ತೋಳಿಗೆ ಆನಿಕೆ ಕೊಟ್ಟರು. ಮೈಕು ತನ್ನ ಕಡೆ ತಿರುಗಿಸಿಕೊಂಡು ನಕ್ಕ. ಸಿಹಿಯಾದ, ದಣಿದ ದನಿ.

"ತಾಯಿಗೆ ಸಿಟ್ಟು ಬಂದಿದೆ. ಯಾಕೋ ನನಗೆ ತಿಳಿಯದು. ಆದರೆ ನನ್ನ ಮಕ್ಕಳೇ, ಸಿಟ್ಟು ಒಳ್ಳೆಯದು. ನನ್ನ ಹಾಡು ಹುಟ್ಟಿದ್ದೇ ಇಂಥವರ ಸಿಟ್ಟಿನಿಂದ. ನಾನು ಈ ಸಿಟ್ಟಿಗೆ ತಲೆ ಬಾಗುತ್ತೇನೆ."

ತಲೆ ಬಾಗಿದ. ಚಪ್ಪಾಳೆ ಬಿತ್ತು. ಎಂಥಾ ಮನುಷ್ಯ, ಎಂಥಾ ದೊಡ್ಡ ಮನಸ್ಸು ಎಂದರು. ಅವಳ ಸಿಟ್ಟನ್ನೂ ಅವನು ಹಾಡು ಮಾಡಿಕೊಂಡುಬಿಟ್ಟ.

ಯಾರೋ ಮೈಕಿನ ತಂತಿ ಕಿತ್ತರು. ಕಂಚಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಒಂದು ಒಡಕು ದನಿ ಎದ್ದಿತು. ಕೊಳೆ ನಮ್ಮದಲ್ಲ. ಉದ್ದಕ್ಕ. ಹುಣ್ಣಿನ ಕೈ ಮೇಲೆತ್ತಿ ಹಾಡುತ್ತಿದ್ದಳು. ಶ್ರುತಿ ಇರಲಿಲ್ಲ, ಆದರೆ ನಿಲ್ಲಿಸಲಿಲ್ಲ. ಅವಳ ಸುತ್ತಲಿನವರು ಎತ್ತಿಕೊಂಡರು. ಆಮೇಲೆ ಇಡೀ ರಸ್ತೆ. ಕಂಚಿ ಏನೋ ಕೂಗಿದಳು. ಅದು ಅವಳ ಕಿವಿಗೇ ಕೇಳಿಸಲಿಲ್ಲ. ಎಷ್ಟೋ ವರ್ಷ ಅವಳ ಬಾಯಿಂದ ಹೊರಟ ಹಾಡು ಅವಳ ಬಾಯಿಯನ್ನೇ ಮುಚ್ಚಿತು.

ಅವಳು ಲಾರಿಯಿಂದ ಇಳಿದು ಜನರ ನಡುವೆ ನಡೆದಳು. ಯಾರೂ ತಡೆಯಲಿಲ್ಲ, ಬೈಯಲಿಲ್ಲ. ಮೈ ತಾಗದಂತೆ ಸರಿದು ದಾರಿ ಬಿಟ್ಟರು. ಸರಿಯುವ ಆ ರೀತಿ ಅವಳಿಗೆ ಬಸ್ಸಿನಿಂದ ಗೊತ್ತಿತ್ತು. ಇಂದು ಸರಿದವರು ಅವಳಂತೆಯೇ ನಾರುವವರು.

ಮುಷ್ಕರ ಗೆದ್ದಿತು. ಬೂಟು ಬರಲಿಲ್ಲ, ಬಚ್ಚಲು ನೋಡೋಣ ಎಂದರು. ಕೈಗವಸು ಬಂತು. ಮೊಳಕೈವರೆಗೆ ಬರುವ ದಪ್ಪ ಹಳದಿ ರಬ್ಬರು. ಕಂಚಿಗೂ ಒಂದು ಜೊತೆ ಕೊಟ್ಟರು. ಹಾಕಿಕೊಳ್ಳುವುದೋ ಬೇಡವೋ ಎಂದು ಒಂದು ಬೆಳಿಗ್ಗೆಯೆಲ್ಲ ತೊಟ್ಟಿಯ ಅಂಚಿಗೆ ಇಟ್ಟು ನೋಡಿದಳು. ಆಮೇಲೆ ಹಾಕಿಕೊಂಡಳು. ಸೋಡಾ ನೀರಿಗೆ ಯಾರ ಹಾಡು ಎಂದು ಗೊತ್ತಿಲ್ಲ, ಅದು ಎಲ್ಲರ ಚರ್ಮವನ್ನೂ ತಿನ್ನುತ್ತದೆ.

ಶೆಡ್ಡಿನಲ್ಲಿ ಅವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅವಳ ಬಗ್ಗೆ ಮಾತಾಡುತ್ತಿದ್ದರು. ಆಸ್ಪತ್ರೆಯವರು ಅವಳ ಕೈ ಬೆಚ್ಚಗೆ ಮಾಡಿದ್ದಾರೆ ಎಂದರು ಕೆಲವರು. ಹೊಸದಾಗಿ ಸೇರಿದವಳೊಬ್ಬಳು, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ಹಾಡಲಾರದವಳು ಹಾಡು ಬರೆದವನೇ ಡೊಂಕು ಅಂದ್ಳಂತೆ" ಎಂದಾಗ ಎಲ್ಲರೂ ನಕ್ಕರು. ಚೆನ್ನಾಗಿಯೇ ಇತ್ತು ಮಾತು. ಬೇರೆ ದಿನವಾಗಿದ್ದರೆ ಕಂಚಿಯೂ ನಗುತ್ತಿದ್ದಳು.

ಹೊದಿಕೆ ಹಿಂಡಲು ಇಬ್ಬರು ಬೇಕು. ಉದ್ದಕ್ಕ ಬೇರೆ ತೊಟ್ಟಿಗೆ ಹೋಗಿದ್ದಳು. ಕಂಚಿ ಹೊದಿಕೆಯ ಒಂದು ತುದಿಯನ್ನು ನೀರಿನ ಕೊಳವೆಗೆ ಕಟ್ಟಿ, ಇನ್ನೊಂದು ತುದಿಯನ್ನು ತಾನು ತಿರುವುತ್ತಿದ್ದಳು. ಸೊಂಟ ಹಿಡಿದುಕೊಳ್ಳುತ್ತಿತ್ತು. ತಿರುವುವಾಗ ಮೈ ತಾನಾಗಿಯೇ ಆ ಹಾಡಿನ ತಾಳ ಹಿಡಿಯುತ್ತಿತ್ತು. ತಾಳ ತಪ್ಪಿಸಬೇಕೆಂದು ಬೇಕೆಂದೇ ತಡೆದು ತಡೆದು ತಿರುವಿದಳು. ಆಗ ಕೆಲಸ ಸಾಗಲಿಲ್ಲ. ಮೇಸ್ತ್ರಿ ಬೈದ.

ಒಂದು ದಿನ ನಲ್ಲಿಯ ಹತ್ತಿರ ಉದ್ದಕ್ಕ ಎದುರಾದಳು. ಸುತ್ತ ಯಾರೂ ಇರಲಿಲ್ಲ.

"ನಿಜಾನೇನೇ?"

"ಏನು?"

"ಪುಟ್ಟಿ ವಿಷಯ."

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಆ ಮನೆ ಕೆಲಸ ಬಿಟ್ಟು ಬಂದ್ಳು, ಹೊರಗೆ ಮುಖ ತೋರಿಸಲ್ಲ. ನೀನು ಸುಮ್ಸುಮ್ನೆ ಬಾಯಿ ಮುಚ್ಚೋಳಲ್ಲ. ಇಷ್ಟು ವರ್ಷ ಎದುರಿಗೆ ನಿಂತು ಹಿಂಡಿದೀನಿ, ಅಷ್ಟೂ ಗೊತ್ತಾಗಲ್ವಾ ನಂಗೆ?"

ಕಂಚಿ ಹೂಂ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಅಷ್ಟು ಸಾಕಾಯಿತು. ಉದ್ದಕ್ಕ ನಲ್ಲಿಯ ಕಟ್ಟೆ ಹಿಡಿದುಕೊಂಡಳು. ಆಮೇಲೆ ಒಂದು ಕೈಗವಸು ತೆಗೆದು ಕೈ ತೋರಿಸಿದಳು. ಎಲುಬು ಕಾಣುತ್ತಿದ್ದಲ್ಲಿ ತೆಳ್ಳಗೆ ಗುಲಾಬಿ ಚರ್ಮ ಬಂದಿತ್ತು.

"ವಾಸಿ ಆಗ್ತಾ ಇದೆ ಕಣೇ" ಎಂದಳು. "ನಾನೇನು ಮಾಡ್ಲಿ ಹೇಳು. ವಾಸಿ ಆಗ್ತಾ ಇದೆ."

ಅಳು ಬಂತು ಅವಳಿಗೆ. ಕಂಚಿ ಅವಳ ಕೈ ಮುಟ್ಟಿ ನೋಡಿದಳು. ಹೊಸ ಚರ್ಮ ಬೆಚ್ಚಗಿತ್ತು. ಉದ್ದಕ್ಕ ಕೈ ಎಳೆದುಕೊಂಡು, ಕೊಡ ಎತ್ತಿಕೊಂಡು, ತನ್ನ ತೊಟ್ಟಿಗೆ ಹೋದಳು. ಮಾರನೆಯ ದಿನವೂ ಆ ತೊಟ್ಟಿಯಲ್ಲೇ ನಿಂತಿದ್ದಳು.

ಚಳಿ ಕಳೆಯುವ ಹೊತ್ತಿಗೆ ಪುಟ್ಟಿ ಹೊರಟಳು. ದೂರದ ಊರಿನಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆ, ಹುಡುಗಿಯರಿಗೆ ಅಲ್ಲೇ ಇರಲು ಜಾಗ. ಇಲ್ಲಿ ಯಾವ ಬೀದಿಗೆ ಹೋದರೂ ಗೋಡೆಯ ಮೇಲೆ ಅವನ ಸಾಲುಗಳಿವೆ, ನನಗೆ ಉಸಿರಾಡಲು ಆಗುವುದಿಲ್ಲ ಎಂದಳು. ಇರು ಎನ್ನಲು ಕಂಚಿಗೆ ಬಾಯಿ ಬರಲಿಲ್ಲ. ಇದ್ದೊಬ್ಬಳೂ ಹೋದರೆ ಮನೆಯಲ್ಲಿ ತನ್ನ ಜೊತೆ ಮಾತಾಡುವವರು ಯಾರೂ ಇರುವುದಿಲ್ಲ ಎಂಬುದನ್ನು ಹೇಳಲಿಲ್ಲ.

ಬಸ್ ನಿಲ್ದಾಣದಲ್ಲಿ ಬೆಂಚಿನ ಮೇಲೆ ಕುಳಿತರು. ಪುಟ್ಟಿಯ ಕಾಲ ಬಳಿ ಒಂದು ಚೀಲ. ಅವಳ ಜಡೆ ಸಡಿಲವಾಗಿತ್ತು. ಕಂಚಿ ಬಿಚ್ಚಿ ಮತ್ತೆ ಹೆಣೆದಳು. ಗಟ್ಟಿಯಾಗಿ ಎಳೀಬೇಡ ಚಿಕ್ಕಮ್ಮ ಎಂದಳು ಪುಟ್ಟಿ. ಎಳೀದೆ ಇದ್ರೆ ದಾರೀಲೇ ಬಿಚ್ಚಿ ಹೋಗತ್ತೆ ಎಂದಳು ಕಂಚಿ. ಎಷ್ಟೋ ದಿನದ ಮೇಲೆ ಇಬ್ಬರೂ ಸ್ವಲ್ಪ ನಕ್ಕರು.

ಆಗ ಎದುರಿನ ಚಹಾ ಅಂಗಡಿಯ ಸ್ಪೀಕರಿನಲ್ಲಿ ಹಾಡು ಶುರುವಾಯಿತು.

ಕೊಳೆ ನಮ್ಮದಲ್ಲ, ನಿಮ್ಮದು.

ಪುಟ್ಟಿಯ ಬೆನ್ನು ಬಿಗಿದುಕೊಂಡಿತು. ಅದು ಕಂಚಿಯದೇ ದನಿ. ಹಿಂದಿನ ಯಾವುದೋ ಮುಷ್ಕರದಲ್ಲಿ ಯಾರೋ ಹಿಡಿದಿಟ್ಟದ್ದು. ಮುಷ್ಕರ ಗೆದ್ದ ಮೇಲೆ ಊರೆಲ್ಲ ಅದನ್ನೇ ಹಾಕುತ್ತಿದ್ದರು.

ಕಂಚಿ ಎದ್ದು ರಸ್ತೆ ದಾಟಿದಳು.

"ಇದನ್ನ ನಿಲ್ಸಪ್ಪ."

ಅಂಗಡಿಯವನು ಹಾಲು ಕಾಯಿಸುತ್ತಿದ್ದ. "ಯಾಕಮ್ಮ? ಒಳ್ಳೇ ಹಾಡು. ನಿಮ್ಮಂಥವರ ಮೇಲೇ ಬರೆದಿದ್ದು. ಆ ಹೆಂಗಸಿನ ಕಂಠ ಕೇಳಿ, ಎಂಥಾ ಕಂಠ!"

"ಆ ಕಂಠ ನನ್ನದೇ. ನಿಲ್ಸು."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಮೂಗಿಗೆ ವಾಸನೆ ತಾಗಿ ಅರೆಹೆಜ್ಜೆ ಹಿಂದೆ ಸರಿದ. ನಂಬಿದಂತೆ ಕಾಣಲಿಲ್ಲ. "ಬರೆದವರು ದೊಡ್ಡ ಮನುಷ್ಯರು" ಎಂದ.

"ಗೊತ್ತು. ನಿಲ್ಸು."

ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದು ನೋಡುತ್ತಿದ್ದರು. ಕಂಚಿ ಬೈಯಲಿಲ್ಲ, ಬೇಡಲಿಲ್ಲ. ಒಲೆಯ ಬಿಸಿ ಮುಖಕ್ಕೆ ಹೊಡೆಯುತ್ತಿದ್ದರೂ ಅಲ್ಲೇ ನಿಂತಳು. ಅವನು ಗೊಣಗುತ್ತ ಕೈ ಚಾಚಿ ನಿಲ್ಲಿಸಿದ. ಎರಡನೇ ಸಾಲಿನ ನಡುವೆ ಅವಳ ದನಿ ತುಂಡಾಯಿತು.

ಬಸ್ಸು ಬಂತು. ಪುಟ್ಟಿ ಕಿಟಕಿಯ ಪಕ್ಕ ಕುಳಿತಳು. ಹೊರಗೆ ಕೈ ಚಾಚಿ ಕಂಚಿಯ ಕೈ ಹಿಡಿದಳು. ಬಸ್ಸು ಚಲಿಸಿದ ಮೇಲೂ ನಾಲ್ಕು ಹೆಜ್ಜೆ ಹಿಡಿದೇ ಇದ್ದಳು. ಆಮೇಲೆ ಕೈ ಜಾರಿತು. ಧೂಳು ಎದ್ದಿತು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಧೂಳು ಇನ್ನೂ ಇಳಿದಿರಲಿಲ್ಲ. ಹಿಂದಿನಿಂದ ಸ್ಪೀಕರು ಕರಕರ ಎಂದಿತು. ಅವಳದೇ ದನಿ ಮೊದಲ ಸಾಲಿನಿಂದ ಮತ್ತೆ ಶುರು ಮಾಡಿತು.

ಕಂಚಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ತಿರುಗಿ ಅಂಗಡಿಯ ಕಡೆ ನಡೆದಳು.